ಬದಲಿಗನಾಗಿ ಬಂದು ದಂತಕಥೆಯಾದ ಬಿಲ್ ಬರಿಲ್ಕೊ

ಐಸ್ ಹಾಕಿಯಲ್ಲಿ ಗೋಲು ಹೊಡೆಯುವುದು ಮುಂಚೂಣಿ ಆಟಗಾರರ ಕೆಲಸ. ಗೋಲಾಗದಂತೆ ತಡೆಯುವುದು ರಕ್ಷಣಾ ಆಟಗಾರರ ಕೆಲಸ. ಈ ಶ್ರಮವಿಭಜನೆಯನ್ನು ಒಮ್ಮೆ ಮೀರಿದ ಒಬ್ಬ ರಕ್ಷಣಾ ಆಟಗಾರ ಕೆನಡಾದ ಕ್ರೀಡಾ ಇತಿಹಾಸದಲ್ಲಿ ಅಳಿಸಲಾಗದ ಹೆಸರಾದ. 1951ರ ಏಪ್ರಿಲ್ 21ರ ರಾತ್ರಿ ಟೊರಾಂಟೊ ನಗರದ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ ಆತ ಹೊಡೆದ ಗೋಲು ತಂಡಕ್ಕೆ ಸ್ಟ್ಯಾನ್ಲಿ ಕಪ್ ತಂದುಕೊಟ್ಟಿತು. ಸಹ ಆಟಗಾರರು ಆತನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅದಾಗಿ ನಾಲ್ಕು ತಿಂಗಳು ಐದು ದಿನ ಕಳೆಯುವಷ್ಟರಲ್ಲಿ ಆತ ಕೆನಡಾದ ಉತ್ತರದ ಕಾಡಿನಲ್ಲಿ ಕಾಣೆಯಾಗಿದ್ದ. ಆಗ ವಯಸ್ಸು ಕೇವಲ 24.

ಆತನ ಹೆಸರು ವಿಲಿಯಂ ಬರಿಲ್ಕೊ. ಅಭಿಮಾನಿಗಳ ಬಾಯಲ್ಲಿ ಬಿಲ್ ಬರಿಲ್ಕೊ.

ಒಂದು ಗೋಲು ಮತ್ತು ಒಂದು ಕಣ್ಮರೆ, ಇವೆರಡರ ನಡುವೆ ಬರಿಲ್ಕೊ ಬದುಕನ್ನು ಅಡಗಿಸಿ ಹೇಳುವುದು ರೂಢಿಯಾಗಿದೆ. ಆದರೆ ಆ ಗೋಲಿಗೆ ಮುನ್ನ ಆತ ಕೆಳಹಂತದ ಲೀಗ್‌ನಲ್ಲಿ ಕರೆಗಾಗಿ ಕಾದಿದ್ದ. ಗಾಯಗೊಂಡವರ ಸ್ಥಾನ ತುಂಬಲು ಬದಲಿಗನಾಗಿ ಬಂದಿದ್ದ. ಐದು ಋತುಗಳಲ್ಲಿ ನಾಲ್ಕು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡದ ರಕ್ಷಣಾ ಸಾಲಿನಲ್ಲಿ ನಿಂತು ಮೈಯೊಡ್ಡಿದ್ದ. ಆ ಕಥೆಯನ್ನು ಬಿಟ್ಟರೆ ಗೋಲೂ ಅರ್ಥವಾಗುವುದಿಲ್ಲ, ಕಣ್ಮರೆಯ ನಂತರದ ಹನ್ನೊಂದು ವರ್ಷಗಳ ನಿರೀಕ್ಷೆಯ ತೂಕವೂ ತಿಳಿಯುವುದಿಲ್ಲ.

ಚಿನ್ನದ ಗಣಿಯ ಊರಿನ ಹುಡುಗ

ಬರಿಲ್ಕೊ ಹುಟ್ಟಿದ್ದು 1927ರ ಮಾರ್ಚ್ 25ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿರುವ ಟಿಮ್ಮಿನ್ಸ್ ಎಂಬ ಊರಿನಲ್ಲಿ. ಈ ಊರು ಬೆಳೆದದ್ದೇ ಚಿನ್ನದಿಂದ. 1909ರಲ್ಲಿ ಪೊರ್ಕ್ಯುಪೈನ್ ಪ್ರದೇಶದಲ್ಲಿ ಚಿನ್ನದ ನಿಕ್ಷೇಪ ಪತ್ತೆಯಾದ ಮೇಲೆ ಜನ ಅತ್ತ ಧಾವಿಸಿದರು. ಹಾಲಿಂಜರ್ ಮೊದಲಾದ ಗಣಿಗಳು ತಲೆಯೆತ್ತಿದವು. ಯೂರೋಪಿನ ಹಲವು ದೇಶಗಳಿಂದ ಕೆಲಸ ಅರಸಿ ಬಂದವರು ಅಲ್ಲಿ ನೆಲೆಯೂರಿದರು. ಬರಿಲ್ಕೊ ತಂದೆ ತಾಯಿಯೂ ಪೂರ್ವ ಯೂರೋಪಿನಿಂದ ಹಾಗೆ ವಲಸೆ ಬಂದವರೇ. ಮನೆಯಲ್ಲಿ ಅಣ್ಣ ಅಲೆಕ್ಸ್ ಮತ್ತು ಸೋದರಿ ಆನ್ ಇದ್ದರು.

ಟಿಮ್ಮಿನ್ಸ್‌ನ ಚಳಿಗಾಲ ದೀರ್ಘ ಮತ್ತು ಕಠಿಣ. ತಿಂಗಳುಗಟ್ಟಲೆ ಕೆರೆಕೊಳ್ಳಗಳು ಹೆಪ್ಪುಗಟ್ಟಿ ಗಟ್ಟಿ ನೆಲದಂತಾಗುತ್ತವೆ. ಅಂಥ ಊರಿನ ಮಕ್ಕಳಿಗೆ ಹಾಕಿಯ ಅಂಗಣವನ್ನು ಯಾರೂ ಕಟ್ಟಿಕೊಡಬೇಕಾಗಿಲ್ಲ, ಹವೆಯೇ ಕಟ್ಟಿಕೊಡುತ್ತದೆ. ಗಣಿಯೊಳಗೆ ಇಳಿಯುವುದನ್ನು ಬಿಟ್ಟು ಬೇರೊಂದು ಬದುಕು ಬೇಕೆನ್ನುವ ಹುಡುಗರಿಗೆ ಹಾಕಿಯೂ ಒಂದು ದಾರಿಯಾಗಿತ್ತು. ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ ದೀರ್ಘಕಾಲ ಮಿಂಚಿದ ಅಲನ್ ಸ್ಟ್ಯಾನ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ, ಬರಿಲ್ಕೊಗಿಂತ ಒಂದು ವರ್ಷ ಮೊದಲು. ಮುಂದೆ ಇನ್ನೂ ದೊಡ್ಡ ಹೆಸರು ಗಳಿಸಿದ ಫ್ರಾಂಕ್ ಮಹೊವ್ಲಿಚ್ 1938ರಲ್ಲಿ ಹುಟ್ಟಿದ್ದೂ ಇಲ್ಲಿಯೇ.

ಬಾಲಕ ಬರಿಲ್ಕೊ ಹುಟ್ಟು ಪ್ರತಿಭೆಯೇನೂ ಆಗಿರಲಿಲ್ಲ. ಸ್ಕೇಟ್ ಕಟ್ಟಿಕೊಂಡು ಸಲೀಸಾಗಿ ಜಾರಲು ಬಾರದ ಕಾರಣ ಆರಂಭದಲ್ಲಿ ಆತನನ್ನು ಗೋಲಿನ ಬಾಯಲ್ಲಿ ನಿಲ್ಲಿಸುತ್ತಿದ್ದರು. ಆ ಕೊರತೆಯನ್ನು ಆತ ಹಠದಿಂದ ನೀಗಿಕೊಂಡ. ಕಾಲು ಬಲಿತಂತೆ, ಮೈ ತುಂಬಿದಂತೆ, ಗೋಲಿನಿಂದ ಹೊರಬಂದು ರಕ್ಷಣಾ ಸಾಲಿಗೆ ಸೇರಿಕೊಂಡ. 1944-45ರ ಋತುವಿನಲ್ಲಿ ಪೊರ್ಕ್ಯುಪೈನ್ ಕಂಬೈನ್ಸ್ ತಂಡದ ಪರ ಆಡಿದ.

ಆಟದ ಸ್ವರೂಪ

ಹುಲ್ಲುಹಾಸಿನ ಹಾಕಿಯನ್ನು ಬಲ್ಲವರಿಗೆ ಐಸ್ ಹಾಕಿ ಮೊದಲ ನೋಟಕ್ಕೆ ಹೊಡೆದಾಟದಂತೆ ಕಾಣಬಹುದು. ಹೆಪ್ಪುಗಟ್ಟಿದ ನೀರಿನ ಅಂಗಣದಲ್ಲಿ ಒಂದೊಂದು ತಂಡದಿಂದ ಆರಾರು ಮಂದಿ ಏಕಕಾಲಕ್ಕೆ ಆಡುತ್ತಾರೆ. ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುಂಚೂಣಿಯವರು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಪಕ್ ಹೊಂದಿರುವ ಎದುರಾಳಿಯನ್ನು ಹೆಗಲಿನಿಂದಲೋ ಸೊಂಟದಿಂದಲೋ ಡಿಕ್ಕಿ ಹೊಡೆದು ಕೆಡವುವುದಕ್ಕೆ ನಿಯಮದ ಒಪ್ಪಿಗೆಯಿದೆ. ಮಿತಿ ಮೀರಿದರೆ ಆಟಗಾರ ನಿಗದಿತ ನಿಮಿಷಗಳ ಕಾಲ ಅಂಗಣದ ಹೊರಗೆ ಕೂರಬೇಕು. ಈ ದಂಡದ ನಿಮಿಷಗಳನ್ನು ಪ್ರತಿ ಆಟಗಾರನ ಹೆಸರಿನ ಮುಂದೆ ಲೆಕ್ಕವಿಡಲಾಗುತ್ತದೆ.

ಇಂಥ ಆಟದಲ್ಲಿ ರಕ್ಷಣಾ ಆಟಗಾರನ ಬದುಕು ಸುಲಭದ್ದಲ್ಲ. ವೇಗವಾಗಿ ನುಗ್ಗಿ ಬರುವವನನ್ನು ತಡೆಯಬೇಕು. ಗುಂಡಿನಂತೆ ಹಾರಿ ಬರುವ ಪಕ್‌ಗೆ ಕಾಲು, ಎದೆ, ಮುಖ ಒಡ್ಡಬೇಕು. ಬರಿಲ್ಕೊ ಆಡುತ್ತಿದ್ದ ಕಾಲದಲ್ಲಿ ಆಟಗಾರರು ತಲೆಗೆ ಶಿರಸ್ತ್ರಾಣ ಧರಿಸುತ್ತಿದ್ದುದು ತೀರಾ ಅಪರೂಪ. ಯಶಸ್ವಿಯಾಗಿ ತಡೆದ ದಾಳಿಗೆ ಅಂಕಪಟ್ಟಿಯಲ್ಲಿ ಜಾಗವಿರಲಿಲ್ಲ. ತಡೆಯಲಾಗದೆ ಹೋದ ದಾಳಿ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಹಾಲಿವುಡ್‌ನಲ್ಲಿ ಕಾಯುವಿಕೆ

1945ರಲ್ಲಿ ಹದಿನೆಂಟರ ಹರೆಯದ ಬರಿಲ್ಕೊ ಮಂಜಿನ ನಾಡನ್ನು ಬಿಟ್ಟು ಮಂಜೇ ಬೀಳದ ಊರಿಗೆ ಹೋದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಲಿವುಡ್ ವುಲ್ವ್ಸ್ ಎಂಬ ತಂಡವಿತ್ತು. ಪಶ್ಚಿಮ ಕರಾವಳಿಯ ನಗರಗಳ ತಂಡಗಳು ಸೆಣಸುತ್ತಿದ್ದ ಪೆಸಿಫಿಕ್ ಕೋಸ್ಟ್ ಹಾಕಿ ಲೀಗ್‌ನಲ್ಲಿ ಅದು ಆಡುತ್ತಿತ್ತು. ಚಲನಚಿತ್ರಗಳ ರಾಜಧಾನಿಯೆನಿಸಿದ ಊರಿನಲ್ಲಿ ಕೃತಕವಾಗಿ ಹೆಪ್ಪುಗಟ್ಟಿಸಿದ ಅಂಗಣದ ಮೇಲೆ ಕೆನಡಾದ ಹಳ್ಳಿ ಪಟ್ಟಣಗಳ ಹುಡುಗರು ಹಾಕಿ ಆಡುತ್ತಿದ್ದರು. ಆತನ ಅಣ್ಣ ಅಲೆಕ್ಸ್ ಕೂಡ ಇಂಥದೇ ಕೆಳಹಂತದ ಹಾಕಿಯಲ್ಲಿ ಆಡಿದವನು.

ಕೆಳಹಂತದ ಲೀಗ್ ಎಂದರೆ ಏನು ಎಂಬುದನ್ನು ಇಲ್ಲಿ ವಿವರಿಸಬೇಕು. 1942ರಿಂದ 1967ರವರೆಗೆ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡಗಳು. ಟೊರಾಂಟೊ, ಮಾಂಟ್ರಿಯಲ್, ಬೋಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್ ಮತ್ತು ಷಿಕಾಗೊ. ಒಂದೊಂದು ತಂಡದಲ್ಲಿ ಇಪ್ಪತ್ತರ ಆಸುಪಾಸಿನಷ್ಟು ಆಟಗಾರರು ಎಂದು ಹಿಡಿದರೂ ಒಟ್ಟು ಸ್ಥಾನಗಳು ನೂರಿಪ್ಪತ್ತನ್ನು ಹೆಚ್ಚು ಮೀರುವುದಿಲ್ಲ. ಅದರಲ್ಲಿ ರಕ್ಷಣಾ ಆಟಗಾರರ ಪಾಲು ಮೂರನೇ ಒಂದರಷ್ಟೂ ಇಲ್ಲ. ಆ ಬೆರಳೆಣಿಕೆಯ ಸ್ಥಾನಗಳ ಮೇಲೆ ಕಣ್ಣಿಟ್ಟು ಇಡೀ ಉತ್ತರ ಅಮೆರಿಕದ ಕೆಳಹಂತದ ಲೀಗ್‌ಗಳಲ್ಲಿ ನೂರಾರು ಮಂದಿ ಬೆವರು ಹರಿಸುತ್ತಿದ್ದರು. ಹಲವರು ಇಡೀ ವೃತ್ತಿಜೀವನವನ್ನು ಅಲ್ಲಿಯೇ ಕಳೆದರು. ಮೇಲಿನ ತಂಡದಲ್ಲಿ ಯಾರಾದರೂ ಮೂಳೆ ಮುರಿದುಕೊಂಡಾಗ ಮಾತ್ರ ಕೆಳಗಿನವನಿಗೆ ಬಾಗಿಲು ತೆರೆಯುತ್ತಿತ್ತು. ಒಬ್ಬನ ನೋವೇ ಇನ್ನೊಬ್ಬನ ಅವಕಾಶ ಎಂಬ ಕಟು ಸತ್ಯವನ್ನು ಅಲ್ಲಿ ಯಾರೂ ಮುಚ್ಚಿಡುತ್ತಿರಲಿಲ್ಲ.

ಹಾಲಿವುಡ್‌ನಲ್ಲಿ ಬರಿಲ್ಕೊ ಹೆಸರು ಮಾಡಿದ್ದು ಗೋಲುಗಳಿಂದಲ್ಲ, ಡಿಕ್ಕಿಗಳಿಂದ. ಸೊಂಟವನ್ನು ಥಟ್ಟನೆ ಹೊರಳಿಸಿ ನುಗ್ಗಿ ಬರುವವನನ್ನು ಗಾಳಿಯಲ್ಲಿ ತೂರಿಬಿಡುವ ಕಲೆ ಆತನಿಗೆ ಒಲಿದಿತ್ತು. ಪತ್ರಿಕೆಗಳು ಆತನಿಗೆ ಬ್ಯಾಷಿಂಗ್ ಬಿಲ್ ಎಂಬ ಅಡ್ಡಹೆಸರು ಕೊಟ್ಟವು. ಜಪ್ಪಿ ಹಾಕುವ ಬಿಲ್ ಎಂದು ಅದನ್ನು ಕನ್ನಡಿಸಬಹುದು. ಎತ್ತರದ ನಿಲುವು, ಹೊಂಬಣ್ಣದ ಗುಂಗುರು ಕೂದಲು, ಸದಾ ನಗುಮೊಗ. ಚೆಲುವಾಗಿ ಕಾಣುವುದೇ ಕಸುಬಾಗಿದ್ದ ಊರಿನಲ್ಲಿಯೂ ಆತ ಎದ್ದು ಕಾಣುತ್ತಿದ್ದ. ಅಂಗಣದಲ್ಲಿ ಎದುರಾಳಿಗಳಿಗೆ ಸಿಂಹಸ್ವಪ್ನ, ಹೊರಗೆ ಸ್ನೇಹಜೀವಿ.

ಬದಲಿಗನಿಗೆ ಬಂದ ಕರೆ

1947ರ ಫೆಬ್ರುವರಿಯಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡ ಸಂಕಷ್ಟದಲ್ಲಿತ್ತು. ಹಿಂದಿನ ಋತುವಿನಲ್ಲಿ ಅದು ಆರು ತಂಡಗಳ ಪೈಕಿ ಐದನೆಯ ಸ್ಥಾನಕ್ಕೆ ಕುಸಿದು ಪ್ಲೇ ಆಫ್ ಹಂತವನ್ನೂ ತಲುಪಿರಲಿಲ್ಲ. ತಂಡದ ಒಡೆತನವನ್ನು ಮುನ್ನಡೆಸುತ್ತಿದ್ದ ಕಾನ್ ಸ್ಮೈತ್ ಮತ್ತು ತರಬೇತುದಾರ ಹ್ಯಾಪ್ ಡೇ ಹಳೆಯ ಆಟಗಾರರನ್ನು ಕೈಬಿಟ್ಟು ಯುವಕರ ಹೊಸ ತಂಡ ಕಟ್ಟುತ್ತಿದ್ದರು. ತಂಡ ಚೇತರಿಸಿಕೊಳ್ಳುತ್ತಿರುವಾಗಲೇ ರಕ್ಷಣಾ ಸಾಲಿನವರು ಗಾಯಾಳುಗಳಾದರು. ಸ್ಥಾನ ತುಂಬಲು ಯಾರಾದರೊಬ್ಬ ತುರ್ತಾಗಿ ಬೇಕಾಗಿದ್ದ. ಕರೆ ಹಾಲಿವುಡ್‌ಗೆ ಹೋಯಿತು.

ಹತ್ತೊಂಬತ್ತರ ಬರಿಲ್ಕೊ ಖಂಡದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಂದಿಳಿದ. ಗಾಯಾಳುಗಳು ಚೇತರಿಸಿಕೊಳ್ಳುವವರೆಗೆ ಕೆಲವು ಪಂದ್ಯಗಳಲ್ಲಿ ಆಡಿ ಹಿಂದಿರುಗಬೇಕಾದ ಹುಡುಗ ಎಂಬುದೇ ಸಹಜ ಲೆಕ್ಕಾಚಾರ. ಆದರೆ ಆತ ಮತ್ತೆ ಹಾಲಿವುಡ್‌ಗೆ ಮರಳಲಿಲ್ಲ. ಆ ಋತುವಿನ ಉಳಿದ ಭಾಗದಲ್ಲಿ 18 ಪಂದ್ಯಗಳನ್ನಾಡಿದ. ಪ್ಲೇ ಆಫ್‌ನಲ್ಲಿಯೂ ತಂಡ ಆತನನ್ನು ಕೈಬಿಡಲಿಲ್ಲ. ಅಂತಿಮ ಸರಣಿಯಲ್ಲಿ ಟೊರಾಂಟೊ 4-2ರಿಂದ ಮಾಂಟ್ರಿಯಲ್ ಕೆನಡಿಯನ್ಸ್ ತಂಡವನ್ನು ಮಣಿಸಿತು. ಫೆಬ್ರುವರಿಯಲ್ಲಿ ಕೆಳಹಂತದ ಲೀಗ್‌ನಲ್ಲಿದ್ದ ಹುಡುಗ ಏಪ್ರಿಲ್‌ನಲ್ಲಿ ಸ್ಟ್ಯಾನ್ಲಿ ಕಪ್ ವಿಜೇತ.

1948ರಲ್ಲಿ ಮತ್ತು 1949ರಲ್ಲಿ ಅದೇ ಕಥೆ ಮರುಕಳಿಸಿತು. ಎರಡೂ ವರ್ಷ ಅಂತಿಮ ಸರಣಿಯಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ ಟೊರಾಂಟೊ ಎದುರು ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಸತತ ಮೂರು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದ ರಾಷ್ಟ್ರೀಯ ಹಾಕಿ ಲೀಗ್‌ನ ಮೊದಲ ತಂಡ ಎಂಬ ಹಿರಿಮೆ ಮೇಪಲ್ ಲೀಫ್ಸ್‌ಗೆ ದಕ್ಕಿತು.

ಆ ಗೆಲುವುಗಳ ಹಿಂದೆ ಟೊರಾಂಟೊದ ಯುವ ರಕ್ಷಣಾ ಪಡೆಯಿತ್ತು. ಜಿಮ್ಮಿ ಥಾಮ್ಸನ್ ಮತ್ತು ಗಸ್ ಮಾರ್ಟ್ಸನ್ ಒಂದು ಜೋಡಿ. ಗಾರ್ತ್ ಬೋಷ್ ಮತ್ತು ಬರಿಲ್ಕೊ ಮತ್ತೊಂದು ಜೋಡಿ. ಎದುರಾಳಿ ಪಕ್ ಹೊಡೆಯಲು ಕೋಲೆತ್ತಿದ ಕ್ಷಣದಲ್ಲಿಯೇ ಬೋಷ್ ಮತ್ತು ಬರಿಲ್ಕೊ ಇಬ್ಬರೂ ಒಟ್ಟಿಗೆ ಮೊಣಕಾಲೂರಿ ಗೋಡೆಯಂತೆ ಅಡ್ಡ ಬೀಳುತ್ತಿದ್ದರು. ಫ್ರಾನ್ಸ್ ತನ್ನ ಗಡಿಯಲ್ಲಿ ಕಟ್ಟಿದ್ದ ಕೋಟೆಗಳ ಸಾಲಿನ ನೆನಪಿನಲ್ಲಿ ಈ ತಂತ್ರಕ್ಕೆ ಮ್ಯಾಜಿನೋ ಸಾಲಿನ ಹೆಸರು ಅಂಟಿಕೊಂಡಿತು.

ಬರಿಲ್ಕೊ ಆಟದ ಇನ್ನೊಂದು ಮುಖ ದಂಡದ ಪಟ್ಟಿಯಲ್ಲಿ ಕಾಣುತ್ತದೆ. 1947-48ರ ಋತುವಿನಲ್ಲಿ 147 ದಂಡದ ನಿಮಿಷಗಳೊಂದಿಗೆ ಆತ ಇಡೀ ಲೀಗ್‌ನಲ್ಲಿಯೇ ಮೊದಲ ಸ್ಥಾನದಲ್ಲಿದ್ದ. ಎದುರು ತಂಡಗಳ ಅಭಿಮಾನಿಗಳು ಆತನನ್ನು ಒರಟನೆಂದು ಮೂದಲಿಸಿದರು. ಟೊರಾಂಟೊ ಅಭಿಮಾನಿಗಳು ಅದೇ ಕಾರಣಕ್ಕೆ ಮೆಚ್ಚಿದರು. ಆತನ ಒಟ್ಟು ವೃತ್ತಿಜೀವನದ ಲೆಕ್ಕ ಹೀಗಿದೆ: ಲೀಗ್ ಹಂತದ 252 ಪಂದ್ಯಗಳು, 26 ಗೋಲುಗಳು, 36 ಗೋಲುಗಳಿಗೆ ನೆರವು, 456 ದಂಡದ ನಿಮಿಷಗಳು. ಪ್ಲೇ ಆಫ್‌ನಲ್ಲಿ 47 ಪಂದ್ಯಗಳು, 5 ಗೋಲುಗಳು. ಈ ಅಂಕಿಗಳನ್ನು ಮಾತ್ರ ನೋಡಿದವರು ಇದು ಸಾಧಾರಣ ಆಟಗಾರನೊಬ್ಬನ ದಾಖಲೆ ಎಂದುಕೊಂಡಾರು. ಆದರೆ ಪ್ಲೇ ಆಫ್‌ನ ಆ ಐದು ಗೋಲುಗಳಲ್ಲಿ ಕೊನೆಯದು ಬೇರೆಯೇ ತೂಕದ್ದು.

ಐದು ಪಂದ್ಯ, ಐದೂ ಹೆಚ್ಚುವರಿ ಅವಧಿ

1951ರ ಅಂತಿಮ ಸರಣಿಯಲ್ಲಿ ಟೊರಾಂಟೊ ಮತ್ತು ಮಾಂಟ್ರಿಯಲ್ ಮುಖಾಮುಖಿಯಾದವು. ಇವೆರಡರ ನಡುವಿನ ಪೈಪೋಟಿ ಕ್ರೀಡೆಯನ್ನೂ ಮೀರಿದ್ದು. ಒಂದು ಇಂಗ್ಲಿಷ್ ಮಾತನಾಡುವ ಕೆನಡಾದ ತಂಡ, ಇನ್ನೊಂದು ಫ್ರೆಂಚ್ ಮಾತನಾಡುವ ಕ್ವಿಬೆಕ್‌ನ ಹೆಮ್ಮೆ. ಮಾಂಟ್ರಿಯಲ್ ಪರ ಮಾರಿಸ್ ರಿಚರ್ಡ್ ಇದ್ದರು. 50 ಪಂದ್ಯಗಳಲ್ಲಿ 50 ಗೋಲು ಹೊಡೆದ ಮೊದಲ ಆಟಗಾರ ಅವರೇ.

ಈ ಸರಣಿಯ ವೈಶಿಷ್ಟ್ಯವೆಂದರೆ ಐದಕ್ಕೆ ಐದೂ ಪಂದ್ಯಗಳು ನಿಗದಿತ ಸಮಯದಲ್ಲಿ ಸಮನಾಗಿ ಹೆಚ್ಚುವರಿ ಅವಧಿಗೆ ಹೋದವು. ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲು ಹೊಡೆದವರೇ ವಿಜಯಿಗಳು. ಮೊದಲ ಪಂದ್ಯದಲ್ಲಿ ಸಿಡ್ ಸ್ಮಿತ್ ಟೊರಾಂಟೊಗೆ ಗೆಲುವು ತಂದರು. ಎರಡನೆಯದರಲ್ಲಿ ರಿಚರ್ಡ್ ಮಾಂಟ್ರಿಯಲ್ ಪರ ಸೇಡು ತೀರಿಸಿಕೊಂಡರು. ಮೂರನೆಯದರಲ್ಲಿ ಟೆಡ್ ಕೆನಡಿ, ನಾಲ್ಕನೆಯದರಲ್ಲಿ ಹ್ಯಾರಿ ವಾಟ್ಸನ್ ಟೊರಾಂಟೊವನ್ನು ಗೆಲುವಿನ ದಡ ಸೇರಿಸಿದರು.

ಮೊದಲ ಪಂದ್ಯದ ಗೆಲುವಿನಲ್ಲಿ ಬರಿಲ್ಕೊ ಪಾಲನ್ನು ಬಹಳ ಜನ ಮರೆತಿದ್ದಾರೆ. ತೆರೆದು ಬಿದ್ದಿದ್ದ ಗೋಲಿನತ್ತ ರಿಚರ್ಡ್ ಹೊಡೆದ ಪಕ್‌ಗೆ ಆತ ಹಾರಿ ಮೈಯೊಡ್ಡಿ ತಡೆದಿದ್ದ. ಆ ಪಕ್ ಒಳಗೆ ಹೋಗಿದ್ದರೆ ಸರಣಿಯ ಗತಿಯೇ ಬೇರೆಯಾಗುತ್ತಿತ್ತು. ಅಂಕಪಟ್ಟಿಯಲ್ಲಿ ಆ ತಡೆಗೆ ಒಂದು ಸಾಲೂ ಇಲ್ಲ. ರಕ್ಷಣಾ ಆಟಗಾರನ ಕಸುಬೇ ಅಂಥದ್ದು.

ಏಪ್ರಿಲ್ 21ರ ಐದನೆಯ ಪಂದ್ಯದಲ್ಲಿ ಟೊರಾಂಟೊ ಬಹುತೇಕ ಸೋತೇಬಿಟ್ಟಿತ್ತು. ಆಟ ಮುಗಿಯಲು ಇನ್ನೇನು ನಿಮಿಷವೂ ಇಲ್ಲವೆನ್ನುವಾಗ ಮಾಂಟ್ರಿಯಲ್ 2-1ರಿಂದ ಮುಂದಿತ್ತು. ತರಬೇತುದಾರ ಜೋ ಪ್ರೈಮೊ ಗೋಲ್‌ಕೀಪರ್ ಅಲ್ ರೋಲಿನ್ಸ್‌ರನ್ನು ಹೊರಕ್ಕೆ ಕರೆಸಿಕೊಂಡು ಅವರ ಬದಲಿಗೆ ಇನ್ನೊಬ್ಬ ದಾಳಿಕಾರನನ್ನು ಕಣಕ್ಕಿಳಿಸಿದರು. 32 ಸೆಕೆಂಡುಗಳು ಉಳಿದಿರುವಾಗ ಟಾಡ್ ಸ್ಲೋನ್ ಗೋಲು ಹೊಡೆದು ಸಮ ಮಾಡಿದರು. ಸರಣಿಯ ಐದನೆಯ ಪಂದ್ಯವೂ ಹೆಚ್ಚುವರಿ ಅವಧಿಗೆ ಹೊರಳಿತು.

ಎರಡು ನಿಮಿಷ ಐವತ್ಮೂರು ಸೆಕೆಂಡು

ಬರಿಲ್ಕೊಗೆ ಒಂದು ಚಪಲವಿತ್ತು. ತನ್ನ ಸ್ಥಾನ ಬಿಟ್ಟು ಪಕ್‌ನ ಬೆನ್ನು ಹತ್ತಿ ಮುಂದಕ್ಕೆ ನುಗ್ಗುವುದು. ರಕ್ಷಣಾ ಆಟಗಾರ ಹಾಗೆ ನುಗ್ಗಿ ಪಕ್ ಕೈತಪ್ಪಿದರೆ ಹಿಂದೆ ಗೋಲಿನ ದಾರಿ ಬಯಲಾಗುತ್ತದೆ. ಈ ಕಾರಣಕ್ಕೆ ಆತನಿಗೆ ತರಬೇತುದಾರರಿಂದ ಎಚ್ಚರಿಕೆಗಳು ಬಂದಿದ್ದವು ಎಂದು ಹೇಳಲಾಗುತ್ತದೆ. ಹೆಚ್ಚುವರಿ ಅವಧಿಯಲ್ಲಂತೂ ಅಂಥ ಒಂದು ತಪ್ಪು ಹೆಜ್ಜೆ ಎಂದರೆ ಪಂದ್ಯ ಮುಗಿದಂತೆಯೇ.

ಹೆಚ್ಚುವರಿ ಅವಧಿಯ ಮೂರನೆಯ ನಿಮಿಷ. ಮಾಂಟ್ರಿಯಲ್ ಗೋಲಿನ ಸಮೀಪ ಹಾವೀ ಮೀಕರ್ ಮತ್ತು ಹ್ಯಾರಿ ವಾಟ್ಸನ್ ಪಕ್‌ಗಾಗಿ ಹೆಣಗುತ್ತಿದ್ದರು. ಗುಂಪಿನ ನಡುವಿನಿಂದ ಪಕ್ ಹೊರಕ್ಕೆ ಜಾರಿತು. ದೂರದಲ್ಲಿ ನಿಂತಿದ್ದ ಬರಿಲ್ಕೊ ಕ್ಷಣವೂ ಯೋಚಿಸದೆ ಮುನ್ನುಗ್ಗಿದ. ನೆಲೆ ತಪ್ಪಿ ಬೀಳುತ್ತಲೇ ಕೋಲು ಬೀಸಿದ. ಗೋಲ್‌ಕೀಪರ್ ಗೆರ್ರಿ ಮ್ಯಾಕ್‌ನೀಲ್ ಆಗಲೇ ಸಮತೋಲ ಕಳೆದುಕೊಂಡಿದ್ದರು. ಪಕ್ ಅವರನ್ನು ದಾಟಿ ಬಲೆಯ ಮೇಲ್ಭಾಗಕ್ಕೆ ಬಡಿಯಿತು. ಗಡಿಯಾರ ತೋರಿಸಿದ್ದು 2 ನಿಮಿಷ 53 ಸೆಕೆಂಡು. ಪಂದ್ಯ 3-2, ಸರಣಿ 4-1.

ಛಾಯಾಗ್ರಾಹಕ ನ್ಯಾಟ್ ಟುರೋಫ್ಸ್ಕಿ ಸೆರೆಹಿಡಿದ ಆ ಕ್ಷಣದ ಚಿತ್ರ ಕೆನಡಾದ ಕ್ರೀಡಾ ಛಾಯಾಗ್ರಹಣದಲ್ಲಿಯೇ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ಅದರಲ್ಲಿ ಬರಿಲ್ಕೊ ನೆಲಕ್ಕೆ ತಾಗಿಲ್ಲ, ಇನ್ನೂ ಗಾಳಿಯಲ್ಲಿಯೇ ಇದ್ದಾನೆ. ತನ್ನ ಗೋಲನ್ನು ತಾನೇ ಇನ್ನೂ ಕಂಡಿಲ್ಲವೇನೋ ಎಂಬಂತಿದೆ ಆ ಭಂಗಿ.

ಗೆಲುವಿನ ಸಂಭ್ರಮದ ನಡುವೆಯೂ ಬರಿಲ್ಕೊ ಬದುಕು ಸರಳವಾಗಿಯೇ ಇತ್ತು. ಅಂದಿನ ಹಾಕಿ ಆಟಗಾರರಿಗೆ ಇಂದಿನಂತೆ ಕೋಟಿಗಳ ಸಂಭಾವನೆ ಇರಲಿಲ್ಲ. ಹೊಟ್ಟೆಪಾಡಿಗಾಗಿ ಬೇಸಿಗೆಯಲ್ಲಿ ಬೇರೆ ಕೆಲಸಗಳಲ್ಲಿ ತೊಡಗುವುದು ಸಾಮಾನ್ಯವಾಗಿತ್ತು. ಬರಿಲ್ಕೊ ಸೋದರರು ಟೊರಾಂಟೊದ ಡ್ಯಾನ್‌ಫೋರ್ತ್ ರಸ್ತೆಯಲ್ಲಿ ಗೃಹೋಪಯೋಗಿ ವಿದ್ಯುತ್ ಉಪಕರಣಗಳ ಅಂಗಡಿ ತೆರೆದಿದ್ದರು. ರಿಚರ್ಡ್‌ರನ್ನು ತಡೆದ ಆಟಗಾರನ ಹೆಸರು ಹೊತ್ತ ಅಂಗಡಿಗೆ ಜನ ರೆಫ್ರಿಜರೇಟರ್ ಕೊಳ್ಳಲು ಬರುತ್ತಿದ್ದ ಕಾಲವದು.

ಮರಳಿ ಬಾರದ ಪಯಣ

ಅದೇ ವರ್ಷ ಬೇಸಿಗೆಯ ಕೊನೆಯಲ್ಲಿ ಬರಿಲ್ಕೊ ಟಿಮ್ಮಿನ್ಸ್‌ಗೆ ಹೋಗಿದ್ದ. ಊರಿನ ದಂತವೈದ್ಯ ಡಾ. ಹೆನ್ರಿ ಹಡ್ಸನ್ ವಿಮಾನ ಹಾರಾಟದ ಹವ್ಯಾಸಿ. ನೀರಿನ ಮೇಲೆ ಇಳಿಯಬಲ್ಲ ಫೇರ್‌ಚೈಲ್ಡ್ 24 ಎಂಬ ಚಿಕ್ಕ ವಿಮಾನ ಅವರ ಬಳಿ ಇತ್ತು. ಇಬ್ಬರೂ ಮೀನು ಹಿಡಿಯಲು ಉತ್ತರಕ್ಕೆ, ಜೇಮ್ಸ್ ಕೊಲ್ಲಿಯ ಕ್ವಿಬೆಕ್ ಕರಾವಳಿಯತ್ತ ಹೊರಟರು. ಅಂದು 1951ರ ಆಗಸ್ಟ್ 24, ಶುಕ್ರವಾರ. ತಾಯಿ ಫೇ ಅವರಿಗೆ ಮಗನ ಈ ಪಯಣ ಇಷ್ಟವಿರಲಿಲ್ಲ.

ಎರಡು ದಿನಗಳ ನಂತರ, ಆಗಸ್ಟ್ 26ರ ಭಾನುವಾರ, ಮರಳುವ ಹಾದಿಯಲ್ಲಿ ವಿಮಾನ ರೂಪರ್ಟ್ ಹೌಸ್ ಎಂಬ ನೆಲೆಯಲ್ಲಿ ಇಂಧನ ತುಂಬಿಸಿಕೊಳ್ಳಲು ನಿಂತಿತು. ಅಲ್ಲಿಂದ ಅದು ಮೇಲೇರಿದ್ದನ್ನು ಕಂಡವರಿದ್ದರು. ಟಿಮ್ಮಿನ್ಸ್‌ನಲ್ಲಿ ಅದು ಇಳಿದದ್ದನ್ನು ಕಂಡವರಿಲ್ಲ.

ಕೆನಡಾ ಅದುವರೆಗೆ ಕಂಡ ಅತಿ ದೊಡ್ಡ ಶೋಧ ಕಾರ್ಯಾಚರಣೆಗಳಲ್ಲಿ ಒಂದು ಆರಂಭವಾಯಿತು. ವಾಯುಪಡೆಯ ವಿಮಾನಗಳು ಸಾವಿರಾರು ಚದರ ಮೈಲಿಗಳ ಕಾಡನ್ನು ಜಾಲಾಡಿದವು. ಕಾರ್ಯಾಚರಣೆಗೆ ತಗುಲಿದ ವೆಚ್ಚ ಸುಮಾರು 3,85,000 ಡಾಲರ್. ಕಾನ್ ಸ್ಮೈತ್ 10,000 ಡಾಲರ್ ಬಹುಮಾನ ಘೋಷಿಸಿದರು. ಆದರೆ ಆ ಕಾಡಿನ ಸ್ವರೂಪವೇ ಬೇರೆ. ದಟ್ಟವಾಗಿ ಬೆಳೆದ ಸೂಚಿಪರ್ಣ ಮರಗಳು, ಅವುಗಳ ಕೆಳಗೆ ಜೌಗು ನೆಲ. ಮೇಲಿಂದ ಬಿದ್ದ ಚಿಕ್ಕ ವಿಮಾನವನ್ನು ಆ ಹಸಿರು ಸಲೀಸಾಗಿ ನುಂಗಿ ಮುಚ್ಚಿಬಿಡುತ್ತದೆ. ಚಳಿಗಾಲ ಸಮೀಪಿಸಿತು. ಶೋಧ ನಿಂತಿತು.

ವದಂತಿಗಳ ಕಾಲ

ದೇಹ ಸಿಗದ ಸಾವು ಮನೆಯವರಿಗೆ ಎರಡು ಬಗೆಯ ಶಿಕ್ಷೆ ವಿಧಿಸುತ್ತದೆ. ಶೋಕಿಸಿ ಮುಗಿಸುವಂತಿಲ್ಲ, ಆಸೆ ಬಿಡುವಂತಿಲ್ಲ. ಬರಿಲ್ಕೊ ಕುಟುಂಬಕ್ಕೆ ಮೂರನೆಯ ಶಿಕ್ಷೆಯೂ ಕಾದಿತ್ತು. ಅದು ವದಂತಿ.

ಟಿಮ್ಮಿನ್ಸ್ ಚಿನ್ನದ ಊರು. ಗಣಿಗಳಿಂದ ಕದ್ದ ಚಿನ್ನ ಗುಟ್ಟಾಗಿ ಕೈ ಬದಲಾಯಿಸುವುದು ಅಲ್ಲಿ ಹೊಸತಲ್ಲ. ಹೀಗಾಗಿ, ಆ ವಿಮಾನ ಚಿನ್ನವನ್ನು ಕಳ್ಳಸಾಗಣೆ ಮಾಡುತ್ತಿತ್ತು ಎಂಬ ಮಾತು ಹಬ್ಬಿತು. ಇನ್ನೊಂದು ಕಥೆ ಇನ್ನೂ ವಿಚಿತ್ರವಾದದ್ದು. ಅದು ಶೀತಲ ಸಮರದ ಕಾಲ. ಬರಿಲ್ಕೊ ಪೂರ್ವಜರು ಪೂರ್ವ ಯೂರೋಪಿನವರು. ಆತ ಸೋವಿಯತ್ ಒಕ್ಕೂಟಕ್ಕೆ ಪಲಾಯನ ಮಾಡಿ ಅಲ್ಲಿನವರಿಗೆ ಹಾಕಿ ಕಲಿಸುತ್ತಿದ್ದಾನೆ ಎಂದು ಕೆಲವರು ಪಿಸುಗುಟ್ಟಿದರು. 1954ರಲ್ಲಿ ಸೋವಿಯತ್ ತಂಡ ಮೊದಲ ಬಾರಿಗೆ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದು ಕೆನಡಾವನ್ನೇ ಸೋಲಿಸಿ ಪ್ರಶಸ್ತಿ ಗೆದ್ದುಕೊಂಡು ಹೋಯಿತು. ಇಂಥ ಕಾಲದಲ್ಲಿ ಕಟ್ಟುಕಥೆಗಳಿಗೆ ಕಿವಿಗಳ ಕೊರತೆಯಿರುವುದಿಲ್ಲ.

ದೇಶದ ಮುಂದೆ ಹೆಗಲ ಮೇಲೆ ಮೆರೆದ ಯುವಕ ಕೆಲವರ ಬಾಯಲ್ಲಿ ಕಳ್ಳನಾದ, ಮತ್ತೆ ಕೆಲವರ ಬಾಯಲ್ಲಿ ದೇಶಭ್ರಷ್ಟನಾದ. ಉತ್ತರಿಸಲು ಆತ ಇರಲಿಲ್ಲ. ಉತ್ತರಿಸಲು ಮನೆಯವರ ಕೈಯಲ್ಲಿ ಏನೂ ಇರಲಿಲ್ಲ.

ಇತ್ತ ಮೇಪಲ್ ಲೀಫ್ಸ್ ತಂಡಕ್ಕೂ ಗ್ರಹಣ ಹಿಡಿದಂತಾಯಿತು. ಐದು ಋತುಗಳಲ್ಲಿ ನಾಲ್ಕು ಬಾರಿ ಕಪ್ ಗೆದ್ದಿದ್ದ ತಂಡಕ್ಕೆ ನಂತರ ಹತ್ತು ಋತುಗಳಲ್ಲಿ ಒಂದು ಬಾರಿಯೂ ಅದು ಒಲಿಯಲಿಲ್ಲ. ಬರಿಲ್ಕೊ ಸಿಗುವವರೆಗೆ ಕಪ್ ಸಿಗದು ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬೇರೂರಿತು.

1962: ಒಂದು ಕಪ್, ಒಂದು ಅಂತ್ಯಕ್ರಿಯೆ

1962ರ ಏಪ್ರಿಲ್ 22ರಂದು ಟೊರಾಂಟೊ ಮೇಪಲ್ ಲೀಫ್ಸ್ ಷಿಕಾಗೊ ತಂಡವನ್ನು ಮಣಿಸಿ ಹನ್ನೊಂದು ವರ್ಷಗಳ ನಂತರ ಮತ್ತೆ ಸ್ಟ್ಯಾನ್ಲಿ ಕಪ್ ಎತ್ತಿ ಹಿಡಿಯಿತು. ಗೆದ್ದ ತಂಡದಲ್ಲಿ ಟಿಮ್ಮಿನ್ಸ್‌ನಲ್ಲಿ ಹುಟ್ಟಿದ ಇಬ್ಬರಿದ್ದರು, ಅಲನ್ ಸ್ಟ್ಯಾನ್ಲಿ ಮತ್ತು ಫ್ರಾಂಕ್ ಮಹೊವ್ಲಿಚ್.

ಇದಾಗಿ ಏಳು ವಾರವೂ ಆಗಿರಲಿಲ್ಲ. ಜೂನ್ ಮೊದಲ ವಾರದಲ್ಲಿ ಕಾಕ್ರೇನ್ ಪಟ್ಟಣದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಕಾಡಿನ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ಚಾಲಕ ರಾನ್ ಬಾಯ್ಡ್ ಕಣ್ಣಿಗೆ ಮರಗಳ ನಡುವೆ ಲೋಹದ ಹೊಳಪೊಂದು ಬಿತ್ತು. ಶೋಧಿಸಿ ತಲುಪಿದಾಗ ಅದು ಹಡ್ಸನ್ ಅವರ ವಿಮಾನವೆಂಬುದು ಖಚಿತವಾಯಿತು. ಒಳಗೆ ಇಬ್ಬರ ಅವಶೇಷಗಳೂ ಇದ್ದವು.

ಕಳ್ಳಸಾಗಣೆಯ ಕಥೆಗಾಗಲೀ ಪಲಾಯನದ ಕಥೆಗಾಗಲೀ ಆಧಾರವಾಗುವ ಯಾವುದೂ ಅಲ್ಲಿ ಸಿಗಲಿಲ್ಲ. ದಾರಿ ತಪ್ಪಿದ ಚಿಕ್ಕ ವಿಮಾನ, ಕೆಟ್ಟ ಹವೆ, ಹೊರಲಾರದ ಹೊರೆ, ಸಾಲದ ಅನುಭವ. ದುರಂತಕ್ಕೆ ಕೊಡಲಾದ ಕಾರಣಗಳು ಇಷ್ಟೇ ಸಾಧಾರಣವಾದವು. ವದಂತಿ ಹಬ್ಬಿಸಿದವರಿಗೆ ನಿರಾಸೆಯಾಗಿರಬಹುದು. ಆದರೆ ಮನೆಯವರಿಗೆ ಆ ಸಾಧಾರಣ ಸತ್ಯವೇ ದೊಡ್ಡ ಬಿಡುಗಡೆ. ಮಗ ಕಳ್ಳನಲ್ಲ, ಓಡಿಹೋದವನೂ ಅಲ್ಲ. ಆತ ಮನೆಗೆ ಮರಳುತ್ತಿದ್ದ, ಅಷ್ಟೇ.

ಅದೇ ತಿಂಗಳು ಟಿಮ್ಮಿನ್ಸ್‌ನ ಸ್ಮಶಾನದಲ್ಲಿ ಬರಿಲ್ಕೊ ಅಂತ್ಯಕ್ರಿಯೆ ನಡೆಯಿತು. ಕಪ್ ಮೊದಲು ಬಂದಿತು, ದೇಹ ನಂತರ ಸಿಕ್ಕಿತು. ಜನರ ನೆನಪಿನಲ್ಲಿ ಮಾತ್ರ ಈ ಕ್ರಮ ಹಲವು ಬಾರಿ ತಿರುವುಮುರುವಾಗಿದೆ. ಆತ ಸಿಕ್ಕಿದ್ದಕ್ಕೇ ಕಪ್ ಸಿಕ್ಕಿತೆಂದು ನಂಬುವವರಿದ್ದಾರೆ. ದಿನಾಂಕಗಳು ಅದನ್ನು ಒಪ್ಪುವುದಿಲ್ಲ.

ಐದನೆಯ ಸಂಖ್ಯೆಯ ಅಂಗಿ

ಬರಿಲ್ಕೊ ಕೊನೆಯದಾಗಿ ತೊಟ್ಟ 5ನೇ ಸಂಖ್ಯೆಯ ಅಂಗಿಯನ್ನು ಮೇಪಲ್ ಲೀಫ್ಸ್ ತಂಡದಲ್ಲಿ ಆತನ ನಂತರ ಯಾರೂ ತೊಡಲಿಲ್ಲ. 1992ರ ಅಕ್ಟೋಬರ್ 17ರಂದು ಆ ಸಂಖ್ಯೆಯ ಪತಾಕೆಯನ್ನು ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಮೇಲೇರಿಸಲಾಯಿತು. ಅದೇ ವರ್ಷ ಟ್ರಾಜಿಕಲಿ ಹಿಪ್ ಎಂಬ ಕೆನಡಾದ ರಾಕ್ ತಂಡ ಬರಿಲ್ಕೊ ಕಥೆಯನ್ನು ಒಳಗೊಂಡ ಫಿಫ್ಟಿ ಮಿಷನ್ ಕ್ಯಾಪ್ ಎಂಬ ಹಾಡನ್ನು ಹೊರತಂದಿತು. ಆತ ಆಡಿದ್ದನ್ನು ನೋಡಿರದ, ಆತ ಸತ್ತಾಗ ಹುಟ್ಟಿಯೂ ಇರದ ಪೀಳಿಗೆಯೊಂದಕ್ಕೆ ಆ ಹಾಡಿನಿಂದಲೇ ಬರಿಲ್ಕೊ ಪರಿಚಯವಾಯಿತು. 2011ರಲ್ಲಿ ತಂಡವೊಂದು ಕಾಡಿಗೆ ತೆರಳಿ ವಿಮಾನದ ಭಾಗಗಳನ್ನು ಹೊರತಂದಿತು.

ಇಷ್ಟೆಲ್ಲ ಆದರೂ ಕೆನಡಾದ ಹಾಕಿ ಗೌರವ ಭವನ ಆಟಗಾರರಿಗೆ ಸಲ್ಲಿಸುವ ಮನ್ನಣೆಯ ಪಟ್ಟಿಯಲ್ಲಿ ಬರಿಲ್ಕೊ ಹೆಸರಿಲ್ಲ. ಇದರಲ್ಲಿ ಅನ್ಯಾಯವೇನೂ ಇಲ್ಲ. ಐದು ಋತುಗಳು, 26 ಗೋಲುಗಳು ಆ ಪಟ್ಟಿಗೆ ಸಾಲುವುದಿಲ್ಲ. ತಡೆದ ಗೋಲುಗಳನ್ನು ಎಣಿಸಿಟ್ಟವರು ಅಂದು ಯಾರೂ ಇರಲಿಲ್ಲ.

ಬರಿಲ್ಕೊನಂಥ ಅದೆಷ್ಟೋ ರಕ್ಷಣಾ ಆಟಗಾರರು ಕೆಳಹಂತದ ಲೀಗ್‌ಗಳಲ್ಲಿ ಕರೆಗಾಗಿ ಕಾದು, ಹಲ್ಲು ಮುರಿಸಿಕೊಂಡು, ಮೊಣಕಾಲು ಕಳೆದುಕೊಂಡು ಹೆಸರಿಲ್ಲದೆ ನಿವೃತ್ತರಾದರು. ಅವರಲ್ಲಿ ಒಬ್ಬನಿಗೆ 1947ರಲ್ಲಿ ಕರೆ ಬಂತು. ಹೋದ, ಉಳಿದ, ತಡೆದ. ಕೊನೆಗೊಮ್ಮೆ ತನ್ನ ಸ್ಥಾನವನ್ನು ಬಿಟ್ಟು ಮುನ್ನುಗ್ಗಿ ಹೊಡೆದ ಗೋಲಿನಿಂದ ಆತನನ್ನು ಕೆನಡಾ ನೆನೆಯುತ್ತದೆ. ಆ ಒಂದು ಗೋಲಿಗೆ ದಾರಿ ಮಾಡಿಕೊಟ್ಟದ್ದು ಆತ ಸ್ಥಾನ ಬಿಡದೆ ನಿಂತ ಐದು ಋತುಗಳು.